ಹೊಸ್ತಿಲಾಚೆಯ ಕೂಗು

"ಗುರುಗಳೇ, ಹಿರಿಯರ ಬಾಳನ್ನು ಈಗಿನವರು ದಿನವೂ ನಡೆಸಿ ತೋರಿಸುತ್ತ ಬಂದರೆ ಅದು ಅಳಿಯದೆ ಉಳಿದಂತಾಯಿತಲ್ಲವೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಕಾಡು ಕಡಿದು ಮೊದಲು ನೆಲೆ ನಿಂತವರ ಊರೊಂದಿತ್ತು. ಸುತ್ತಮುತ್ತ ದಾರಿ ತಪ್ಪಿದವರಿಗೆ ಬೇರೆ ಮನೆಯಿರಲಿಲ್ಲ. ಆದ್ದರಿಂದ ಆ ಹಿರಿಯರು ಒಂದು ನೇಮ ಇಟ್ಟುಕೊಂಡಿದ್ದರು. ಸಂಜೆ ಉಣ್ಣುವ ಮೊದಲು ಮನೆಯ ಯಜಮಾನ ಹೊಸ್ತಿಲಾಚೆ ನಿಂತು, "ಹಸಿದವರು ಯಾರಾದರೂ ಇದ್ದೀರಾ? ಬನ್ನಿ" ಎಂದು ನಾಲ್ಕು ದಿಕ್ಕಿಗೂ ಕೇಳುವಂತೆ ಕೂಗಬೇಕು.

ಕಾಲ ಕಳೆಯಿತು, ನೇಮ ತಪ್ಪಿತು. ಮುಂದೆ ಒಬ್ಬ ವರ್ತಕ ಆ ಹಳೆಯ ಮನೆಗಳನ್ನು ಮತ್ತೆ ಕಟ್ಟಿಸಿ, ಹಿರಿಯರ ಬಾಳನ್ನು ನೋಡಬಂದವರಿಗೆ ತೋರಿಸುವ ಏರ್ಪಾಡು ಮಾಡಿದ. ಯಜಮಾನನ ವೇಷಕ್ಕೆ ಒಬ್ಬ ರೈತನನ್ನು ಕರೆತಂದ. ರೈತನ ಗಂಟಲು ದೊಡ್ಡದು. ಅವನು ಕೂಗಿದರೆ ನೋಡುವವರ ಮೈ ಜುಮ್ಮೆನ್ನುತ್ತಿತ್ತು.

ಒಂದು ಸಂಜೆ ಅವನು ಕೂಗಿದಾಗ ದಾರಿಹೋಕನೊಬ್ಬ ಬೇಲಿ ದಾಟಿ ಬಂದು ಅಂಗಳದಲ್ಲಿ ನಿಂತ.

ರೈತನಿಗೆ ಅನುಮಾನ ಬಂತು. ಇವನು ಕಳ್ಳನೋ? ತನ್ನನ್ನು ಪರೀಕ್ಷಿಸಲು ವರ್ತಕ ಕಳಿಸಿದವನೋ? ಬಂದವನ ಕಾಲು ನೋಡಿದ. ಮೊಣಕಾಲವರೆಗೆ ಧೂಳು. ಧೂಳನ್ನು ಯಾರು ಬೇಕಾದರೂ ಮೆತ್ತಿಕೊಳ್ಳಬಹುದು ಅಂದುಕೊಂಡ.

"ಎಲ್ಲಿಂದ ನುಸುಳಿದೆಯೋ?" ಎಂದು ಹಲ್ಲು ಕಚ್ಚಿ ಕೇಳಿದ.

"ನುಸುಳಲಿಲ್ಲ ಯಜಮಾನರೇ. ಕರೆದಿರಿ, ಬಂದೆ. ನಿನ್ನೆಯಿಂದ ಊಟವಿಲ್ಲ."

"ಮಾತು ಚೆನ್ನಾಗಿ ಕಲಿತಿದ್ದೀಯ. ಒಳಗಿರುವುದು ಮಣ್ಣಿನ ಮುದ್ದೆ, ಬಣ್ಣದ ನೀರಿನ ಸಾರು. ಬಡಿಸಲೇನು?"

ಇದೂ ಆಟವೆಂದು ತಿಳಿದು ನೋಡುವವರು ಚಪ್ಪಾಳೆ ತಟ್ಟಿದರು.

ಬಾಗಿಲ ಬಳಿ ರೈತನ ಬುತ್ತಿಗಂಟಿತ್ತು. ಅದರಲ್ಲಿ ಹೆಂಡತಿ ಸುಟ್ಟುಕೊಟ್ಟ ರೊಟ್ಟಿಗಳಿದ್ದವು. ದಾರಿಹೋಕನ ಕಣ್ಣು ಅತ್ತ ಹೊರಳಿತೆಂದು ರೈತನಿಗೆ ಅನ್ನಿಸಿತು. ಗಂಟನ್ನು ಕಾಲಿನಿಂದ ಮೆಲ್ಲನೆ ಒಳಕ್ಕೆ ತಳ್ಳಿದ. ದಾರಿಹೋಕ ಅದನ್ನು ಕಂಡ. ಕೈಮುಗಿದು ಬಂದ ದಾರಿಯಲ್ಲೇ ಹೊರಟುಹೋದ. ಅವನು ಮರೆಯಾದ ಮೇಲೆ ರೈತ ಗಂಟು ಬಿಚ್ಚಿ ರೊಟ್ಟಿಗಳನ್ನು ಎಣಿಸಿದ. ಎಲ್ಲವೂ ಇದ್ದವು.

ಮರುದಿನ ಸಂಜೆ ರೈತ ಹೊಸ್ತಿಲಾಚೆ ನಿಂತ. ಮೊದಲು ಬೇಲಿಯ ಕಡೆ ನೋಡಿದ. ಆಮೇಲೆ ಕೂಗಿದ. ಎದುರಿಗೆ ಕುಳಿತವರಿಗೂ ಆ ಕೂಗು ಸರಿಯಾಗಿ ಕೇಳಿಸಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಅಷ್ಟು ದೊಡ್ಡ ಗಂಟಲು ಒಂದೇ ದಿನಕ್ಕೆ ಹೇಗೆ ಬಿದ್ದುಹೋಯಿತು?" ಎಂದ ಶಿಷ್ಯ.

"ಗಂಟಲು ಬಿದ್ದಿರಲಿಲ್ಲಪ್ಪ, ಎಲ್ಲಿ ಯಾರಾದರೂ ಬಂದುಬಿಡುತ್ತಾರೋ ಎಂದು ಮೆಲ್ಲಗೆ ಕೂಗಿದ."