ಯಜಮಾನನ ಅಂಗೈ

“ಗುರುಗಳೇ, ಹತ್ತು ಜನರನ್ನು ಆಳುವವನಿಗೆ ಯಾವ ಗುಣವಿರಬೇಕು?” ಎಂದು ಮರುಳಯ್ಯ ಕೇಳಿದ.

ಮಠದ ಅಡುಗೆಮನೆಯ ಉಸ್ತುವಾರಿ ಅವನ ಕೈಗೆ ಬಂದು ತಿಂಗಳೂ ಆಗಿರಲಿಲ್ಲ. ಬಂದ ದಿನದಿಂದ ತನ್ನ ಕೋಣೆಗೆ ಬೀಗ ಹಾಕತೊಡಗಿದ್ದ. ಮಠದಲ್ಲಿ ಬೇರೆ ಯಾರೂ ಹಾಕುತ್ತಿರಲಿಲ್ಲ. ಈಗ ಒಂದು ಗಡಿಗೆ ತುಪ್ಪ ಕಾಣೆಯಾಗಿತ್ತು. ಅಡುಗೆಯ ಮುದುಕಿಯ ಗಂಟುಮೂಟೆ ಬಿಚ್ಚಿಸಿ, ಅವಳನ್ನು ಹೊರಗೆ ಹಾಕಬೇಕೆಂಬುದು ಅವನ ಮನಸ್ಸಿನಲ್ಲಿತ್ತು.

ಗುರುಗಳು ನಕ್ಕರು. “ಜೂಜುಕಟ್ಟೆಯ ಕತೆ ಹೇಳುತ್ತೇನೆ, ಮೂಗು ಮುರಿಯದೆ ಕೇಳು. ಒಳ್ಳೆಯ ಗುಣವೇನು ಮಠದ ಸ್ವತ್ತಲ್ಲ” ಎಂದು ಶುರುಮಾಡಿದರು.

ಒಂದು ಪಟ್ಟಣದಲ್ಲಿ ಅರಸನ ಅಪ್ಪಣೆ ಪಡೆದ ಜೂಜುಕಟ್ಟೆಯಿತ್ತು. ಆಟಗಾರರು ದಾಳವನ್ನು ಮುಟ್ಟಿ ನೋಡಬಹುದು, ಉರುಳಿಸುವವನು ಮಾತ್ರ ಕಟ್ಟೆಯ ಆಳು. ಮಣೆ ಬಿಟ್ಟು ಏಳುವಾಗ ಆಳು ಎರಡೂ ಅಂಗೈ ಬಿಡಿಸಿ ಎಲ್ಲರಿಗೂ ತೋರಿಸಬೇಕು. ಈ ಕಟ್ಟಳೆ ಯಜಮಾನನಿಗಿರಲಿಲ್ಲ.

ಒಂದು ದಿನ ದಾಳ ಮೇಲಿಂದ ಮೇಲೆ ಒಂದೇ ಮುಖಕ್ಕೆ ಬಿತ್ತು. ಒಡೆದು ನೋಡಿದರೆ ಒಳಗೆ ಸೀಸ ತುಂಬಿದ ಕಳ್ಳದಾಳ. ಉರುಳಿಸುತ್ತಿದ್ದವನು ಮೂವತ್ತು ವರ್ಷ ಅಲ್ಲೇ ದುಡಿದ ಮುದುಕ. ಅಂಗೈ ಬಿಡಿಸಿ ತೋರಿಸಿದ. ಕೈ ಬರಿದಾಗಿತ್ತು, ಆದರೆ ಗಡಗಡ ನಡುಗುತ್ತಿತ್ತು.

“ಆ ನಡುಕವೇ ಸಾಕ್ಷಿ, ಇವನನ್ನು ಊರು ಬಿಡಿಸಿ” ಎಂದು ಒಬ್ಬ ವರ್ತಕ ಎಲ್ಲರಿಗಿಂತ ಮೊದಲು ಕೂಗಿದ. ಉಳಿದವರೂ ದನಿಗೂಡಿಸಿದರು. ಮುದುಕನಿಗೆ ಆ ಕಟ್ಟೆ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಯಜಮಾನ ಒಳಗಿನಿಂದ ಬಂದ. ಮುದುಕನನ್ನು ಏನೂ ಕೇಳಲಿಲ್ಲ. ಅವನ ಪಕ್ಕದಲ್ಲಿ ನಿಂತು ತನ್ನೆರಡೂ ಅಂಗೈ ಬಿಡಿಸಿದ. ಪೇಟ ಬಿಚ್ಚಿ ಕೊಡವಿದ. ನಡುಪಟ್ಟಿಯನ್ನೂ ಬಿಚ್ಚಿ ಕೊಡವಿದ.

“ಬೆಳಿಗ್ಗೆ ಇವನ ಕೈಗೆ ದಾಳ ಕೊಟ್ಟವನು ನಾನು. ಹುಡುಕುವುದಿದ್ದರೆ ನನ್ನಿಂದ ಶುರು ಮಾಡಿ” ಎಂದ.

ಎದೆಗಾರ ಅಂದರೆ ಅವನಪ್ಪಾ. ಆಳುಗಳೆಲ್ಲ ಯಾರೂ ಹೇಳದೆಯೇ ಪೇಟ ಬಿಚ್ಚಿ ಕೊಡವಿದರು. ಅವರನ್ನು ಕಂಡು ಆಟಗಾರರೂ ಒಬ್ಬೊಬ್ಬರಾಗಿ ಬಿಚ್ಚಿದರು. ಆ ವರ್ತಕನೊಬ್ಬ ಮಾತ್ರ ಪೇಟವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಂತಿದ್ದ. ಪಕ್ಕದವನು ಎಳೆದೇಬಿಟ್ಟ. ಮುಟ್ಟಿ ನೋಡುವ ನೆಪದಲ್ಲಿ ಅವನು ಬದಲಿಸಿ ಇಟ್ಟುಕೊಂಡಿದ್ದ ಕಟ್ಟೆಯ ಅಸಲಿ ದಾಳ ಟಕ್ಕನೆ ನೆಲಕ್ಕೆ ಬಿತ್ತು.

ಯಜಮಾನ ಬೈಯಲಿಲ್ಲ. “ನಿಮ್ಮ ಚಪ್ಪಲಿ ಬಾಗಿಲಲ್ಲಿವೆ” ಎಂದನಷ್ಟೆ. ಆಮೇಲೆ ದಾಳ ಎತ್ತಿ ಮುದುಕನ ಕೈಗೇ ಕೊಟ್ಟ. ಮುದುಕ ಕಣ್ಣೊರೆಸಿಕೊಂಡು ಮಣೆಯ ಮುಂದೆ ಕುಳಿತ.

ಮರುಳಯ್ಯನ ಮುಖ ಅರಳಿತು. “ಎಂಥ ಯಜಮಾನ, ಗುರುಗಳೇ. ನಾನೂ ಹಾಗೆಯೇ ಮಾಡುತ್ತೇನೆ. ಅಡುಗೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಈಗಲೇ ಗಂಟು ಬಿಚ್ಚಿಸುತ್ತೇನೆ” ಎಂದು ಎದ್ದುನಿಂತ. ಸೊಂಟದಲ್ಲಿ ಬೀಗದ ಕೈ ಸದ್ದು ಮಾಡಿತು.

“ಬಿಚ್ಚಿಸಪ್ಪಾ, ಮೊದಲು ನಿನ್ನ ಕೋಣೆಯ ಬೀಗ ತೆಗೆದು, ಆ ಮುದುಕಿಯನ್ನೇ ಒಳಗೆ ಕರೆದು ತೋರಿಸು” ಎಂದರು ಗುರುಗಳು.

ಮರುಳಯ್ಯ ಸೊಂಟದ ಬೀಗದ ಕೈಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ.