ಬಾಣಂತಿ ಮನೆಯ ಬಾಗಿಲು

ಮಠದ ರೋಗಿಗಳ ಮನೆಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಮುರಿಗಯ್ಯ ಒಂದು ಸಂಜೆ ಗುರುಗಳ ಬಳಿ ಬಂದು ಕೇಳಿದ: “ಬುದ್ಧಿ, ಕಾಲು ಮುರಿದುಕೊಂಡು ಬಂದವರಿಗೆ ನಮ್ಮಲ್ಲೇ ಜ್ವರ ಅಂಟುತ್ತಿದೆ. ನಿನ್ನೆ ಒಬ್ಬ ತೀರಿಕೊಂಡ. ರೋಗ ಒಬ್ಬರಿಂದ ಒಬ್ಬರಿಗೆ ದಾಟದಂತೆ ಕಾಯಲು ಯಾರನ್ನಾದರೂ ನೇಮಿಸಬೇಕು. ಎಂಥವರನ್ನು ಆರಿಸಲಿ?”

ಗುರುಗಳು ಒಂದು ಕತೆ ಹೇಳಿದರು.

ಹೊಳೆಯ ದಂಡೆಯ ಊರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಕೈಗುಣ ದೊಡ್ಡದು. ಬಾಣಂತಿಯರಿಗೆಂದೇ ಅವನೊಂದು ಮನೆ ಕಟ್ಟಿಸಿದ. ಆದರೆ ಅಲ್ಲಿ ಹೆತ್ತವರು ನಂಜೇರಿ ಸಾಯತೊಡಗಿದರು. ಮಗು ತೊಟ್ಟಿಲಲ್ಲಿ, ತಾಯಿ ಚಟ್ಟದ ಮೇಲೆ. ಇದಕ್ಕಿಂತ ದೊಡ್ಡ ಸಂಕಟ ಬೇರೇನಿದೆ? ವೈದ್ಯ ಬಾಗಿಲಲ್ಲಿ ಬಿಸಿನೀರು, ಅಂಟುವಾಳದ ಕಾಯಿ ಇಡಿಸಿದ. ಕೈ ತೊಳೆಯದೆ ಯಾರೂ ಒಳಗೆ ಹೋಗಕೂಡದೆಂದ. ಕಾಯಲು ಒಬ್ಬನನ್ನು ಹುಡುಕಿದ. ಹುಡುಕಿದ್ದು ಹೇಗೆ? ನಾವೆಲ್ಲ ಹುಡುಕುವ ಹಾಗೆಯೇ. ಒಳ್ಳೆಯ ಮನೆತನ, ಓದುಬರಹ, ಹಿರಿಯರನ್ನು ಕಂಡರೆ ಭಯಭಕ್ತಿ. ಅಂಥವನೇ ಸಿಕ್ಕಿದ. ಊರೆಲ್ಲ ಅವನನ್ನು ಮೆಚ್ಚಿತು. ಸಾವು ಮಾತ್ರ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ವೈದ್ಯ ಕುಳಿತಲ್ಲೇ ನಿದ್ದೆಹೋದ. ಕನಸಿನಲ್ಲಿ ಬಾಣಂತಿ ಮನೆ ಹೊಳೆಯ ಮೇಲೆ ತೇಲುತ್ತಿತ್ತು. ಗೋಡೆಗಳು ಸಾಂಬ್ರಾಣಿ ಹೊಗೆಯಷ್ಟು ತೆಳುವಾಗಿದ್ದವು. ಜ್ವರವು ಪುಟ್ಟ ಹುಡುಗಿಯಾಗಿ ನೀರಿನ ಮೇಲೆ ನಡೆದು ಬಂದಿತು. ಬಂದವರೆಲ್ಲರ ಜೊತೆ ಒಳಗೆ ನುಸುಳಲು ನೋಡಿತು. ಕಾವಲಿನವನು ಅವರ ಕೈ ತೊಳೆಸಿದಾಗಲೆಲ್ಲ ಹಿಂದೆ ಸರಿಯಿತು. ಆಮೇಲೆ ವೈದ್ಯನೇ ಬಂದ. ಅದು ಅವನ ಬೆರಳು ಹಿಡಿದುಕೊಂಡಿತು. ಕಾವಲಿನವನು ಕೈಮುಗಿದು ತಲೆ ಬಾಗಿಸಿದ. ಬಾಗಿದ ತಲೆಗೆ ಏನೂ ಕಾಣಲಿಲ್ಲ. ಇಬ್ಬರೂ ಒಳಗೆ ಹೋದರು.

ವೈದ್ಯ ಬೆವೆತು ಎದ್ದ. ಹುಣ್ಣು, ಕೀವು ಮುಟ್ಟಿದ ಕೈಯಲ್ಲೇ ತಾನೆಷ್ಟು ಸಲ ಅವಸರದಿಂದ ಆ ಬಾಗಿಲು ದಾಟಿದ್ದೇನೆಂದು ನೆನೆದು ಅತ್ತ.

ಮನಸ್ಸು ನಿಲ್ಲದೆ ಹೊಳೆಯ ಕಡೆ ನಡೆದ. ಆಚೆ ದಡಕ್ಕೆ ಹೋಗೋಣವೆಂದು ದೋಣಿ ಹತ್ತಿದ. ದೋಣಿ ನಡೆಸುವ ಹೆಂಗಸು ಹುಟ್ಟನ್ನು ಕೆಳಗಿಟ್ಟಳು.

“ಇಳೀರಿ ಸ್ವಾಮಿ, ಭಾರ ಆಯ್ತು.”

“ನಾನು ಯಾರು ಗೊತ್ತೇನಮ್ಮ?”

“ನಂಗೆ ಗೊತ್ತು. ಹೊಳೆಗೆ ಗೊತ್ತಿಲ್ವಲ್ಲ.”

ದೋಣಿಯಲ್ಲಿದ್ದವರು ನಾಲಿಗೆ ಕಚ್ಚಿಕೊಂಡರು. ವೈದ್ಯ ಇಳಿದ. ದೋಣಿ ಮರಳುವ ತನಕ ದಡದಲ್ಲೇ ನಿಂತಿದ್ದು, ಬಾಗಿಲು ಕಾಯುವ ಕೆಲಸಕ್ಕೆ ಬರುತ್ತೀಯಾ ಎಂದು ಅವಳನ್ನು ಕೇಳಿದ. ರೋಗದ ವಿಷಯ ತನಗೆ ಗಂಧಗಾಳಿಯೂ ಇಲ್ಲವೆಂದಳು. ಅದನ್ನು ಕಲಿಸಬಲ್ಲೆ, ನಿನ್ನಲ್ಲಿರುವುದನ್ನು ಯಾರಿಗೂ ಕಲಿಸಲಾರೆ ಎಂದ ವೈದ್ಯ. ಕೆಲಸಕ್ಕೆ ಬಂದ ಅವಳು ಊರವರಿಗೆ ಹಿಡಿಸಲಿಲ್ಲ. ಗಯ್ಯಾಳಿ ಎಂದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲಕಾಲದ ಮೇಲೆ ವೈದ್ಯನ ಒಬ್ಬಳೇ ಮಗಳು ಹೆರಿಗೆಗೆ ಬಂದಳು. ವೈದ್ಯ ಬೇರೆ ಮನೆಯಲ್ಲಿ ಕೊಳೆತ ಗಾಯವೊಂದನ್ನು ಕಟ್ಟುತ್ತಿದ್ದಾಗ, ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿದೆಯೆಂದು ಕರೆ ಬಂತು. ಅವನು ಓಡಿ ಬಂದ. ಬಾಗಿಲಿಗೆ ಅಡ್ಡವಾಗಿ ದೋಣಿಯ ಹೆಂಗಸು ನಿಂತಿದ್ದಳು.

“ಕೈ ತೊಳೀರಿ.”

“ನಿನ್ನನ್ನು ಇಲ್ಲಿಟ್ಟವನೇ ನಾನು! ಸರಿ ಆಚೆ, ಮಗಳು ಸಾಯ್ತಾಳೆ!”

“ಅದಕ್ಕೇ ಸ್ವಾಮಿ. ತೊಳೀರಿ.”

ಅವನು ಹೊಡೆಯಲು ಕೈ ಎತ್ತಿದ. ಅವಳ ಕಣ್ಣಲ್ಲಿ ನೀರು ಬಂತು, ಕಾಲು ಕದಲಲಿಲ್ಲ. ಎತ್ತಿದ ಕೈಯ ಮೇಲಿನ ಕೀವನ್ನು ಆಗ ಅವನೇ ಕಂಡ. ಬಿಸಿನೀರಿನಲ್ಲಿ ಕೈ ಅದ್ದಿ ಉಜ್ಜಿದ. ಆ ಗಳಿಗೆಯಲ್ಲಿ ಹೊಳೆಯ ಸದ್ದೂ ನಿಂತ ಹಾಗಿತ್ತು. ಬೆರಳು ಹಿಡಿದಿದ್ದ ಯಾರೋ ಕೈಬಿಟ್ಟು ಹೋದರೆಂದು ಅವನಿಗೆ ಅನ್ನಿಸಿತು. ಅವನು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಮಗು ಅತ್ತಿತು. ತಾಯಿಗೆ ನಂಜೇರಲಿಲ್ಲ. ಅವಳು ಎದ್ದು ಕುಳಿತು ಮಗುವಿಗೆ ಹಾಲೂಡಿದಳು.

ಕತೆ ಕೇಳಿ ಮುರಿಗಯ್ಯನ ಮುಖ ಅರಳಿತು. “ತಿಳಿಯಿತು ಬುದ್ಧಿ. ಆದರೆ ಅಂಥವರನ್ನು ನಾನೆಲ್ಲಿ ಹುಡುಕಲಿ?”

ಗುರುಗಳು ಹೇಳಿದರು: “ಹುಡುಕುವುದೇಕೆ, ಹೋದ ವಾರ ರೋಗಿಗಳ ಮನೆಯ ಬಾಗಿಲಲ್ಲಿ ನಿನ್ನನ್ನೇ ತಡೆದಳೆಂದು ಕಸ ಗುಡಿಸುವ ಒಬ್ಬಳನ್ನು ಕೆಲಸ ಬಿಡಿಸಿದೆಯಲ್ಲ, ಅವಳ ಮನೆಗೆ ಹೋಗು.”