ತೋರಿಸದ ಮೂರು ಎಲೆ

“ಗುರುಗಳೇ, ನಾನು ಇಸ್ಪೀಟು ಮುಟ್ಟಿ ನಾಲ್ಕು ವರ್ಷವಾಯಿತು. ಆಟ ಬಿಟ್ಟಿದ್ದೇನೆ. ಆದರೂ ಊಟಕ್ಕೆ ಕೂತಾಗ, ಜಪಕ್ಕೆ ಕೂತಾಗ, ಎಂದೋ ಆಡಿದ ಒಂದು ಆಟ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನಾನು ಬಿಟ್ಟ ಮೇಲೂ ಅದು ನನ್ನನ್ನು ಯಾಕೆ ಬಿಡುವುದಿಲ್ಲ?”

ಇದನ್ನು ಕೇಳಲು ಶಿಷ್ಯ ಬಹಳ ದಿನ ಹಿಂಜರಿದಿದ್ದ. ಗುರುಗಳು ಸಿಡುಕಿನವರು. ಜೂಜಿನ ಮಾತೆತ್ತಿದರೆ ಮಠದಿಂದಲೇ ಓಡಿಸಿಯಾರು ಎಂದು ಅಂಜಿದ್ದ. ಗುರುಗಳು ಓಡಿಸಲಿಲ್ಲ. ಗೆದ್ದ ಆಟವೋ, ಸೋತ ಆಟವೋ ಎಂದು ಮಾತ್ರ ವಿಚಾರಿಸಿದರು. ಸೋತದ್ದು ಎಂದು ಶಿಷ್ಯ ಒಪ್ಪಿಕೊಂಡ. ಹಾಗಾದರೆ ಕೂತುಕೋ ಎಂದು ಹೇಳಿ ಅವರು ಈ ಕತೆಗೆ ತೊಡಗಿದರು.

ಒಬ್ಬ ದರ್ಜಿಯ ಸಂಗತಿ ಹೇಳುತ್ತೇನೆ. ಅವನನ್ನು ಜೂಜುಕೋರ ಎಂದರೆ ತಪ್ಪಾಗುತ್ತದೆ. ಜೂಜುಕೋರನಿಗೆ ಜೂಜೇ ಕಸುಬು. ಗೆದ್ದರೂ ಸೋತರೂ ಪಂಚೆ ಕೊಡವಿಕೊಂಡು ಎದ್ದು ಹೋಗುತ್ತಾನೆ. ಈ ದರ್ಜಿ ವರ್ಷಕ್ಕೆ ಮೂರೇ ದಿನ ಆಡುತ್ತಿದ್ದ, ಯುಗಾದಿಯ ಮೂರು ದಿನ. ಆ ಸೀಮೆಯಲ್ಲಿ ಯುಗಾದಿಗೆ ಅರಳಿಕಟ್ಟೆಯ ಮೇಲೆ ಹಾಡಹಗಲಲ್ಲೇ ಇಸ್ಪೀಟು ಆಡುತ್ತಾರೆ. ಹೆಂಡಿರು ಬೈಯುವುದಿಲ್ಲ, ಹಿರಿಯರು ಗದರುವುದಿಲ್ಲ. ನಾಲ್ಕನೆಯ ದಿನ ಎಲೆಗಳನ್ನು ಎತ್ತಿಟ್ಟು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ದರ್ಜಿಯೂ ಹಾಗೆಯೇ ಹೋಗುತ್ತಿದ್ದ.

ಮೊದಲ ವರ್ಷ ಅವನು ಗೆದ್ದ. ಏನು ಮಹಾ ಗೆದ್ದ? ನಾಲ್ಕು ಅಂಗಿ ಹೊಲಿದರೆ ಬರುವಷ್ಟು. ಆದರೆ ಹೊಲಿದು ಸಂಪಾದಿಸಿದ್ದಕ್ಕೆ ಯಾರೂ ಬೆನ್ನು ತಟ್ಟುವುದಿಲ್ಲ. ಅಂದು ಕಟ್ಟೆಯ ಮೇಲಿದ್ದವರೆಲ್ಲ ತಟ್ಟಿದರು. ದಿನವೂ ಬೀದಿಯ ಅಂಚಿನಲ್ಲಿ ನಡೆಯುವ ಮನುಷ್ಯ ಅಂದು ಬೀದಿಯ ನಡುವೆ ನಡೆದು, ಮಲ್ಲಿಗೆ ಹೂವು ಕೊಂಡು ಮನೆಗೆ ಬಂದ. ಹೆಂಡತಿ ಬೈದಳು, ಹೂವನ್ನೂ ಮುಡಿದಳು. ಎರಡನೆಯ ವರ್ಷ ಸೋತ. ಒಂದು ವಾರ ಮುಖ ಸಪ್ಪಗೆ ಮಾಡಿಕೊಂಡಿದ್ದ, ಆಮೇಲೆ ಮರೆತ. ಇಲ್ಲಿಯವರೆಗೆ ನಾನು ಅವನನ್ನು ಏನೂ ಅನ್ನುವುದಿಲ್ಲ. ವರ್ಷವಿಡೀ ಕತ್ತು ಬಗ್ಗಿಸಿ ಹೊಲಿಯುವವನಿಗೆ ಮೂರು ದಿನ ಎದೆ ಡವಗುಟ್ಟಲಿ ಎನ್ನಿಸಿದರೆ ಅದು ಪಾಪವಲ್ಲ.

ಮೂರನೆಯ ವರ್ಷ ಯುಗಾದಿಯ ಮರುದಿನ, ಅಂದರೆ ವರ್ಷತೊಡಕಿನ ದಿನ, ಅವನು ಒಬ್ಬ ಬೆಲ್ಲದ ವ್ಯಾಪಾರಿಯ ಎದುರು ಕೂತ. ಮೂರೆಲೆಯ ಆಟ. ಉಳಿದವರು ಒಬ್ಬೊಬ್ಬರಾಗಿ ಎಲೆ ಬಿಟ್ಟು ಹಿಂದೆ ಸರಿದರು, ಇವರಿಬ್ಬರೇ ಉಳಿದರು. ದರ್ಜಿಯ ಕೈಯಲ್ಲಿ ಮೂರು ಗುಲಾಮ. ನಿನಗೆ ಗೊತ್ತಲ್ಲ, ಅದನ್ನು ಸೋಲಿಸಲು ಮೂರು ರಾಣಿ ಬೇಕು, ಮೂರು ರಾಜ ಬೇಕು, ಇಲ್ಲವೇ ಮೂರು ಎಕ್ಕ ಬೇಕು. ಅಂಥ ಎಲೆ ಒಬ್ಬನಿಗೆ ಜನ್ಮದಲ್ಲಿ ಒಂದೆರಡು ಸಲ ಬಂದರೆ ಹೆಚ್ಚು. ದರ್ಜಿ ಎಲೆಗಳನ್ನು ಎದೆಗೆ ಒತ್ತಿ ಹಿಡಿದುಕೊಂಡ. ವ್ಯಾಪಾರಿ ಅಡಿಕೆ ಅಗಿಯುತ್ತಿದ್ದ. ದರ್ಜಿ ದುಡ್ಡು ಹಾಕಿದ, ವ್ಯಾಪಾರಿ ಅದರ ಎರಡರಷ್ಟು ಹಾಕಿದ. ದರ್ಜಿ ಮತ್ತೆ ಹಾಕಿದ. ವ್ಯಾಪಾರಿ ಮತ್ತೆ ಎರಡರಷ್ಟು ಹಾಕಿ, ಪಕ್ಕದಲ್ಲಿ ಕೂತವನೊಂದಿಗೆ ಈ ವರ್ಷದ ಮಳೆಯ ಮಾತಾಡಿದ.

ಆ ಮಳೆಯ ಮಾತು ದರ್ಜಿಯನ್ನು ಕೆಡಿಸಿತು. ಕೈಯಲ್ಲಿ ಎಲೆಯಿಲ್ಲದವನು ಇಷ್ಟು ನಿಶ್ಚಿಂತೆಯಾಗಿ ಮಾತಾಡುತ್ತಾನೆಯೇ ಎನ್ನಿಸಿತು. ಇನ್ನೊಂದು ಸಲ ದುಡ್ಡು ಹಾಕಿ, ನಿನ್ನ ಎಲೆ ತೋರಿಸು ಎಂದು ಕೇಳುವ ಹಕ್ಕು ಅವನಿಗಿತ್ತು. ಜೇಬಿನಲ್ಲಿ ದುಡ್ಡೂ ಇತ್ತು. ಕೈ ಜೇಬಿಗೆ ಹೋಯಿತು, ಬರಿದೇ ಹಿಂದಕ್ಕೆ ಬಂತು. ಮೂರು ಗುಲಾಮವನ್ನು ಅವನು ಕೆಳಗೆ ಹಾಕಿ ಸೋಲೊಪ್ಪಿಬಿಟ್ಟ.

ನೋಡುತ್ತಿದ್ದವರು ಹೋ ಎಂದರು. ವ್ಯಾಪಾರಿ ದುಡ್ಡು ಬಾಚಿಕೊಂಡು, ತನ್ನ ಎಲೆಗಳನ್ನು ಬೋರಲಾಗಿಯೇ ಎತ್ತಿ ಕಟ್ಟಿನೊಳಗೆ ಸೇರಿಸತೊಡಗಿದ.

“ಯಜಮಾನ್ರೆ, ನಿಮ್ಮ ಕೈಲಿ ಏನಿತ್ತು?” ಎಂದು ದರ್ಜಿ ಕೇಳಿದ.

“ನೋಡ್ಬೇಕು ಅಂದಿದ್ರೆ ಕಾಸು ಹಾಕ್ಬೇಕಿತ್ತು ಕಣಯ್ಯ” ಎಂದು ಹೇಳಿ ವ್ಯಾಪಾರಿ ಎಲೆ ಕಲಸಿದ.

ಆಟದ ನೇಮ ಅದೇ. ವ್ಯಾಪಾರಿ ಅಂದು ತಪ್ಪು ಮಾಡಲಿಲ್ಲ. ವರ್ಷತೊಡಕಿನ ದಿನ ಮೈಗಂಟಿದ್ದು ವರ್ಷವೆಲ್ಲ ಬಿಡುವುದಿಲ್ಲ ಎಂದು ಆ ಕಡೆಯ ಜನ ನಂಬುತ್ತಾರೆ. ದರ್ಜಿಗೆ ಅದು ಒಂಬತ್ತು ವರ್ಷ ಬಿಡಲಿಲ್ಲ.

ನಿನ್ನ ಹಾಗೆ ಅವನೂ ಆಟ ಬಿಟ್ಟ. ಮರುವರ್ಷ ಯುಗಾದಿಗೆ ಕಟ್ಟೆ ಹತ್ತಲಿಲ್ಲ. ಊರಿನವರು ಭೇಷ್ ಎಂದರು, ಹೆಂಡತಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಕಳೆದ ದುಡ್ಡನ್ನು ಅವನು ಎಂಟೇ ದಿನಕ್ಕೆ ಮರೆತಿದ್ದ. ಮರೆಯದೆ ಉಳಿದದ್ದು ವ್ಯಾಪಾರಿಯ ಕೈಯಲ್ಲಿದ್ದ ಆ ಮೂರು ಎಲೆ. ಒಂದು ಬೆಳಿಗ್ಗೆ ಎದ್ದರೆ ಅಲ್ಲಿ ಮೂರು ಎಕ್ಕ ಇದ್ದವೆಂದು ಅವನಿಗೆ ಖಾತ್ರಿಯಾಗುತ್ತಿತ್ತು. ಆಗ ತಾನು ಜಾಣ. ಮೂರು ಗುಲಾಮ ಹಿಡಿದು ಸರಿಯಾದ ಹೊತ್ತಿಗೆ ಹಿಂದೆ ಸರಿಯುವ ಬುದ್ಧಿ ಈ ಊರಿನಲ್ಲಿ ಇನ್ಯಾರಿಗಿದೆ? ಆ ದಿನ ಅವನು ಹಾಡು ಗುನುಗುತ್ತಿದ್ದ, ಹೊಲಿಗೆ ನೇರವಾಗಿ ಬರುತ್ತಿತ್ತು, ಗಿರಾಕಿಯ ಮಗುವಿಗೆ ಚೂರು ಬಟ್ಟೆಯಲ್ಲಿ ಟೋಪಿ ಹೊಲಿದು ಕೊಡುತ್ತಿದ್ದ. ಮಧ್ಯಾಹ್ನ ಬೀದಿಯಲ್ಲಿ ವ್ಯಾಪಾರಿ ಯಾರೊಂದಿಗೋ ನಗುತ್ತಾ ಹೋಗುವುದು ಕಂಡರೆ ಎಲ್ಲ ಕೆಟ್ಟಿತು. ಅವನ ಕೈಯಲ್ಲಿ ಏನೂ ಇರಲಿಲ್ಲ. ಅಡಿಕೆ ಅಗಿಯುವ ಬಾಯಿಗೆ ಹೆದರಿ ತಾನು ಎಲೆ ಬಿಟ್ಟೆ. ತಾನು ಹೇಡಿ. ಆಗ ಕತ್ತರಿ ಅಡ್ಡ ಹೋಗುತ್ತಿತ್ತು. ಒಬ್ಬ ಮದುವಣಗಿತ್ತಿಯ ರವಿಕೆಯ ಬಟ್ಟೆ ಹೀಗೆಯೇ ಹಾಳಾಯಿತು.

ನಗಬೇಡ. ಆ ಎಲೆಗಳು ಕಟ್ಟಿನೊಳಗೆ ಸೇರಿ, ಕಟ್ಟು ಹರಿದು, ಊರಿನವರು ಹೊಸ ಕಟ್ಟು ತಂದು ಆಡುತ್ತಿದ್ದರು. ಇವನೊಬ್ಬ ಮಾತ್ರ ಹಳೆಯ ಆಟದಲ್ಲಿ ಬೆಳಿಗ್ಗೆ ಗೆದ್ದು ಸಂಜೆ ಸೋಲುತ್ತಿದ್ದ.

ಮೂರು ಸಲ ಅವನು ನಾಚಿಕೆ ಬಿಟ್ಟು ವ್ಯಾಪಾರಿಯ ಅಂಗಡಿಗೇ ಹೋಗಿ ಕೇಳಿದ. ವ್ಯಾಪಾರಿ ಒಂದು ಸಲ ಮೂರು ಎಕ್ಕ ಎಂದ. ಇನ್ನೊಂದು ಸಲ, ಎಂಥದೂ ಇರಲಿಲ್ಲ, ಒಂದು ಎರಡು, ಒಂದು ಐದು, ಒಂದು ಒಂಬತ್ತು ಎಂದು ನಕ್ಕ. ಮೂರನೆಯ ಸಲ, ಬೆಲ್ಲ ಬೇಕಿದ್ದರೆ ಕೊಂಡುಕೋ, ಇಲ್ಲದಿದ್ದರೆ ನಡೆ ಎಂದ. ಅವನು ಕೆಟ್ಟವನೇನಲ್ಲ. ಆದರೆ ಇನ್ನೊಬ್ಬನಿಗೆ ತೀರಾ ಬೇಕಾದದ್ದು ತನ್ನ ಹತ್ತಿರ ಇದೆ ಎಂದು ಗೊತ್ತಾದರೆ ಎಂಥವನಿಗೂ ಸ್ವಲ್ಪ ಕೊಬ್ಬು ಬರುತ್ತದೆ.

ದರ್ಜಿಯ ಹೆಂಡತಿ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಾಕುತ್ತಿದ್ದಳು. ಮನೆಯಲ್ಲಿ ಅವರಿಬ್ಬರೇ. ಅವನು ಮುಖ ತೊಳೆದು ಬರುವಷ್ಟರಲ್ಲಿ ಇಂದು ಎಕ್ಕದ ದಿನವೋ, ಏನೂ ಇಲ್ಲದ ದಿನವೋ ಎಂದು ಅವಳಿಗೆ ತಿಳಿದುಬಿಡುತ್ತಿತ್ತು. ಎಕ್ಕದ ದಿನ ಮನೆಗೆ ಬೇಕಾದದ್ದನ್ನು ಕೇಳುತ್ತಿದ್ದಳು. ಏನೂ ಇಲ್ಲದ ದಿನ ಬಾಯಿ ಮುಚ್ಚಿಕೊಂಡು, ಬಂದ ಗಿರಾಕಿಗಳ ಮುಂದೆ ತಾನೇ ನಿಲ್ಲುತ್ತಿದ್ದಳು. ಆ ರವಿಕೆಯವರ ಬೈಗುಳ ತಿಂದವಳೂ ಅವಳೇ. ಒಂದು ದಿನ ಅವಳಿಗೆ ಸಾಕಾಗಿಹೋಯಿತು.

“ನಿಮ್ಮ ಕೈಲಿ ಏನಿತ್ತು ಅಂತ ನಿಮಗೆ ಗೊತ್ತಲ್ಲ. ಇನ್ನೊಬ್ರ ಕೈಲಿ ಏನಿದ್ರೆ ನಮಗೇನು?” ಎಂದಳು.

“ನಿಂಗೆ ಆಟ ಗೊತ್ತಿಲ್ಲ, ಸುಮ್ನಿರು” ಎಂದ ಅವನು.

ಅವಳು ಗುಂಡಿಯ ದಾರವನ್ನು ಹಲ್ಲಿನಿಂದ ಕಡಿದಳು. ಆ ಮಾತನ್ನು ಮತ್ತೆ ಎತ್ತಲೇ ಇಲ್ಲ. ಕ್ರಮೇಣ ಗಂಡಹೆಂಡಿರ ನಡುವೆ ಬೇರೆ ಮಾತೂ ಕಡಿಮೆಯಾಯಿತು. ಅದು ಅವನ ಗಮನಕ್ಕೆ ಬರಲಿಲ್ಲ.

ಒಂಬತ್ತನೆಯ ವರ್ಷ ಅವಳಿಗೆ ಜ್ವರ ಬಂತು. ಎರಡು ದಿನ ಜ್ವರದಲ್ಲೇ ಗುಂಡಿ ಹಾಕಿದಳು. ಮೂರನೆಯ ದಿನ ಏಳಲಾಗಲಿಲ್ಲ, ಮಾತು ತೊದಲಿತು. ದರ್ಜಿ ಗಾಬರಿಯಾಗಿ ಬೆಳಿಗ್ಗೆಯೇ ಪಂಡಿತರ ಮನೆಗೆ ಓಡಿದ. ಓಡಿದ ಎಂದೇ ಹೇಳುತ್ತಿದ್ದೇನೆ, ಅವನಿಗೆ ಅವಳ ಮೇಲೆ ಪ್ರೀತಿಯಿರಲಿಲ್ಲ ಎಂದು ನೀನು ತಿಳಿಯಬಾರದು. ಪಂಡಿತರು ಎಲ್ಲ ವಿಚಾರಿಸಿ ಚೂರ್ಣದ ಪೊಟ್ಟಣ ಕಟ್ಟಿಕೊಟ್ಟರು. ಹೊತ್ತು ನೆತ್ತಿಗೇರುವ ಮೊದಲೇ ಜೇನಿನಲ್ಲಿ ಕಲಸಿ ಕೊಡಬೇಕು, ತಡವಾದರೆ ಈ ಜ್ವರ ತಲೆಗೇರುತ್ತದೆ, ಆಮೇಲೆ ತನ್ನ ಕೈಯಲ್ಲಿಲ್ಲ ಎಂದು ಎಚ್ಚರಿಸಿ ಕಳಿಸಿದರು. ಪೊಟ್ಟಣವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಅವನು ಹೊರಟ.

ದಾರಿಯಲ್ಲಿ ವ್ಯಾಪಾರಿಯ ಮನೆ. ಬಾಗಿಲಲ್ಲಿ ಜನ ಸೇರಿದ್ದರು. ಯಜಮಾನರು ಆಗಲೋ ಈಗಲೋ ಎನ್ನುವಂತಿದ್ದಾರೆ, ಇವತ್ತು ಕಳೆಯುವುದಿಲ್ಲ ಎಂದು ಯಾರೋ ಹೇಳಿದರು. ದರ್ಜಿಯ ಕಾಲು ನಿಂತಿತು. ಸಾಯುವ ಹೊತ್ತಿನಲ್ಲಿ ಮನುಷ್ಯ ಸುಳ್ಳು ಹೇಳಲಾರ ಎಂದು ಅವನಿಗೆ ಹೊಳೆಯಿತು. ನಾಳೆ ಕೇಳೋಣವೆಂದರೆ ವ್ಯಾಪಾರಿ ಇರುವುದಿಲ್ಲ. ಒಂದೇ ಗಳಿಗೆ, ಒಂದೇ ಮಾತು, ಕೇಳಿಕೊಂಡು ಓಡಿಬಿಡುತ್ತೇನೆ ಎಂದುಕೊಂಡು ಒಳಗೆ ಹೋದ. ಕತೆ ಇಲ್ಲಿಗೆ ಬಂದಾಗಲೆಲ್ಲ ಆ ಮನುಷ್ಯನ ರಟ್ಟೆ ಹಿಡಿದು ಹೊರಗೆ ದಬ್ಬಬೇಕು ಎನ್ನಿಸುವಷ್ಟು ಸಿಟ್ಟು ನನಗೆ ಬರುತ್ತದೆ.

ಒಳಗೆ ನೆಂಟರಿಷ್ಟರು ತುಂಬಿದ್ದರು. ಒಬ್ಬೊಬ್ಬರಾಗಿ ಹೋಗಿ ವ್ಯಾಪಾರಿಯ ಬಾಯಿಗೆ ಎರಡು ಹನಿ ನೀರು ಬಿಟ್ಟು ಬರುತ್ತಿದ್ದರು. ದರ್ಜಿ ಗೋಡೆಗೆ ಒರಗಿ ತನ್ನ ಸರದಿಗೆ ಕಾದ. ಇವನಿಗೆ ಯಜಮಾನರ ಮೇಲೆ ಎಷ್ಟು ಅಭಿಮಾನ ಎಂದುಕೊಂಡು ಮನೆಯವರು ಮಜ್ಜಿಗೆ ಕೊಟ್ಟರು. ಕುಡಿದ. ಜೇಬು ಮುಟ್ಟಿ ನೋಡಿಕೊಂಡ. ಅವನ ಸರದಿ ಬರುವ ಹೊತ್ತಿಗೆ ವ್ಯಾಪಾರಿಗೆ ಮಂಪರು ಕವಿಯಿತು. ಎಚ್ಚರವಾಗಲಿ, ತಾಳಿ ಎಂದರು. ಅಂಗಳದಲ್ಲಿ ನೆರಳು ಗಿಡ್ಡವಾಗುತ್ತಾ ಬಂತು. ದರ್ಜಿ ಎದ್ದು ಬಾಗಿಲವರೆಗೆ ಹೋದ. ಇಷ್ಟು ಹೊತ್ತು ಕಾದು ಈಗ ಹೋಗುವುದೇ ಎಂದು ಮತ್ತೆ ಬಂದು ಕೂತ. ಈ ಲೆಕ್ಕ ನಿನಗೂ ಗೊತ್ತಿರಬೇಕು. ಇಷ್ಟು ಹಾಕಿದ್ದೇನೆ, ಈಗ ಬಿಡುವುದೇ ಎಂದು ನೀವೆಲ್ಲ ಕಟ್ಟೆಯ ಮೇಲೆ ಹಾಕುತ್ತಿದ್ದ ಲೆಕ್ಕವೇ ಅದು. ಅಂದು ಏಳಬಾರದ ಹೊತ್ತಿನಲ್ಲಿ ಎದ್ದವನು ಇಂದು ಏಳಬೇಕಾದ ಹೊತ್ತಿನಲ್ಲಿ ಕೂತ.

ಹೊತ್ತು ನೆತ್ತಿಗೇರಿತು, ಇಳಿಯಿತು. ಅಂಗಳದ ನೆರಳು ಮತ್ತೆ ಉದ್ದವಾದ ಮೇಲೆ ವ್ಯಾಪಾರಿ ಕಣ್ಣು ತೆರೆದ. ದರ್ಜಿ ಮಂಚದ ಪಕ್ಕ ಮಂಡಿಯೂರಿ, ಅವನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದ. ಯಾವ ವರ್ಷ, ಯಾವ ಆಟ ಎಂದು ನೆನಪಿಸಬೇಕಾಗಲಿಲ್ಲ. ವ್ಯಾಪಾರಿಗೆ ಎಲ್ಲ ನೆನಪಿತ್ತು. ಅವನ ಮುಖದಲ್ಲಿ ತಮಾಷೆಯಿರಲಿಲ್ಲ. ದರ್ಜಿಯ ಕೈ ಹಿಡಿದುಕೊಂಡು, ಉಸಿರು ಕೂಡಿಸಿಕೊಂಡು, ಕಿವಿಯಲ್ಲಿ ಎರಡು ಮಾತು ಹೇಳಿದ. ಸುತ್ತ ನಿಂತವರಿಗೆ ಅದು ಕೇಳಿಸಲಿಲ್ಲ. ಆಮೇಲೆ ಅವನ ಬಾಯಿಂದ ಮಾತು ಹೊರಡಲಿಲ್ಲ.

ದರ್ಜಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನಕ್ಕ. ಒಂಬತ್ತು ವರ್ಷದಲ್ಲಿ ಅವನು ಹಾಗೆ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ತಾನು ಜಾಣನೆಂದು ತಿಳಿದು ನಕ್ಕನೋ, ಹೇಡಿಯೆಂದು ತಿಳಿದು ನಕ್ಕನೋ, ಬೀದಿಯಲ್ಲಿ ನಿಂತು ನೋಡಿದವರಿಗೆ ಗೊತ್ತಾಗಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುಂದೆ ಹೇಳುತ್ತಾರೆಂದು ಶಿಷ್ಯ ಕಾದ. ಅವರು ಅವನ ಮುಖವನ್ನೇ ನೋಡುತ್ತಾ ಕೂತರು. ಶಿಷ್ಯನಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದಲೇ ಮುಂದಕ್ಕೆ ಸರಿದ.

“ಗುರುಗಳೇ, ವ್ಯಾಪಾರಿಯ ಕೈಯಲ್ಲಿ ಏನಿತ್ತು?”

“ಆ ಹೆಂಗಸು ಬದುಕಿದಳೇ ಎಂದು ನೀನು ಕೇಳಲಿಲ್ಲ” ಎಂದರು ಗುರುಗಳು.